ಬಲಗಡೆಯ ಬೆಸುಗೆ

ಕಾಶೀನಾಥ ಪತ್ತಾರರು ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಹಾಲಿನವನು ತಂದ ಹಾಲನ್ನು ಉಗುರಿನ ಮೇಲೆ ಹರಿಯಬಿಟ್ಟು ನೋಡುತ್ತಿದ್ದರು. ಗ್ಯಾಸ್ ಸಿಲಿಂಡರ್ ಬಂದರೆ ತೂಗದೆ ಒಳಗೆ ಬಿಡುತ್ತಿರಲಿಲ್ಲ. ಹೊಸ ಗೋಡೆಗಡಿಯಾರ ತಂದಾಗ ವಾರವಿಡೀ ಅದನ್ನು ರೇಡಿಯೊದ ಸಮಯದೊಂದಿಗೆ ತಾಳೆ ಹಾಕಿ, ಅದು ನಂಬಿಗಸ್ತ ಎಂದು ಖಾತ್ರಿಯಾದ ಮೇಲೆಯೇ ಗೋಡೆಗೆ ಮೊಳೆ ಹೊಡೆದರು. ಅವರ ಮಟ್ಟಿಗೆ ಇದೊಂದು ದುರ್ಗುಣವಲ್ಲ. ಇದರಿಂದಲೇ ಅವರ ಹೊಟ್ಟೆ ತುಂಬಿತ್ತು.

ಇಳಕಲ್ಲಿನ ಚಿನಿವಾರರ ಮನೆಯಲ್ಲಿ ಹುಟ್ಟಿ, ಇಪ್ಪತ್ತಾರನೆಯ ವಯಸ್ಸಿಗೆ ನಾಗಪುರದ ರಕ್ಷಣಾ ಕಾರ್ಖಾನೆಯೊಂದಕ್ಕೆ ಬಂದವರು ಅವರು. ಮೂವತ್ತನಾಲ್ಕು ವರ್ಷ ತಪಾಸಣೆ ವಿಭಾಗದಲ್ಲಿ ಕೂತು ಬೋಲ್ಟು, ನಟ್ಟು, ಕೊಳವೆ, ಬೆಸುಗೆ ಎಲ್ಲವನ್ನೂ ನೋಡಿದರು. ಬೋಲ್ಟಿನ ಥ್ರೆಡ್ಡು, ಅಂದರೆ ಅದರ ಮೈಮೇಲೆ ಸುತ್ತಿಕೊಂಡು ಏರುವ ಗೆರೆ, ಒಂದು ಕೂದಲೆಳೆಯಷ್ಟು ಆಳ ಕಡಿಮೆಯಾದರೂ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಅವರು ವಾಪಸು ಕಳಿಸಿದ ಮಾಲು ಮತ್ತೆ ಬಂದಾಗ ಇನ್ನೂ ಹೆಚ್ಚು ಕಣ್ಣಿಟ್ಟು ನೋಡುತ್ತಿದ್ದರು. ಕೆಲಸಗಾರರು ಬೆನ್ನ ಹಿಂದೆ ಅವರನ್ನು ಏನೇನೋ ಕರೆಯುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ನಿವೃತ್ತಿಯಾದ ಮೇಲೆ ಕಷ್ಟ ಶುರುವಾಯಿತು. ಪ್ರತಾಪ ನಗರದ ಮೂರು ಕೋಣೆಯ ಮನೆಯಲ್ಲಿ ಎಷ್ಟೂಂತ ತಪಾಸಣೆ ಮಾಡುವುದು? ರೊಟ್ಟಿಯ ಅಂಚು ದಪ್ಪವೆಂಬ ಮಾತನ್ನು ಹೆಂಡತಿ ಪ್ರೇಮಾ ಒಂದು ತಿಂಗಳು ಸಹಿಸಿದರು. ಎರಡನೇ ತಿಂಗಳು ಹಿಟ್ಟಿನ ಪರಾತವನ್ನೇ ತಂದು ಅವರ ಮುಂದಿಟ್ಟು, "ತಗೋರಿ, ನೀವ ಬಡೀರಿ. ನಾ ಕುಂತು ಅಂಚು ನೋಡ್ತೇನಿ," ಎಂದರು. ಅಂದೇ ಸಂಜೆ ಮಗಳು ಯಶಿಕಾ ಅಪ್ಪನ ಕೈಗೆ ಮೊಬೈಲು ಕೊಟ್ಟು ವಿಡಿಯೊ ನೋಡುವುದನ್ನು ಕಲಿಸಿದಳು. ಮನೆಯಲ್ಲಿ ಶಾಂತಿ ನೆಲೆಸಲಿ ಎಂಬ ಒಂದೇ ಆಸೆ ಅವಳದು.

ಹಾಗೆ ಸಿಕ್ಕಿದ್ದು 'ಲಂಬೀ ಗಾಡಿ', ಅಂದರೆ ಉದ್ದ ಗಾಡಿ, ಎಂಬ ಚಾನಲ್. ಊರಾಚೆಯ ಕನ್ಹಾನ್‌ನಲ್ಲಿ ಧನಂಜಯ ಎಂಬ ಮರಾಠಿ ತರುಣನೊಬ್ಬ ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಜೀಪೊಂದನ್ನು ಹಿಡಿದು, ಅದರ ಚಾಸಿಯನ್ನು, ಅಂದರೆ ತಳದ ಉಕ್ಕಿನ ಚೌಕಟ್ಟನ್ನು, ನಡುವೆ ಕತ್ತರಿಸಿ, ಎರಡಡಿ ಉದ್ದ ಮಾಡಿ, ಮೇಲೆ ಕೈಯಿಂದಲೇ ಬಡಿದ ತಗಡಿನ ಮೈ ಕೂರಿಸಿ ಹಳೇ ಕಾಲದ ಮಹಾರಾಜರ ಕಾರಿನಂಥದ್ದೊಂದನ್ನು ಕಟ್ಟುತ್ತಿದ್ದ. ರಸ್ತೆಗಲ್ಲ, ಪ್ರದರ್ಶನಕ್ಕೆ. ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಒಂದು ಕಂತು. ಒಂದು ಬಾಗಿಲಿಗೆ ಏಳು ಕಂತು, ಒಂದು ದೀಪದ ಗೂಡಿಗೆ ಮೂರು. ನಾಲ್ಕು ವರ್ಷವಾದರೂ ಗಾಡಿ ಮುಗಿದಿರಲಿಲ್ಲ, ಪತ್ತಾರರು ಒಂದು ಕಂತನ್ನೂ ಬಿಟ್ಟಿರಲಿಲ್ಲ.

ಇಷ್ಟಪಟ್ಟು ನೋಡುತ್ತಿದ್ದರು ಎಂದುಕೊಳ್ಳಬೇಡಿ. ಈ ಹುಡುಗ ಎಲ್ಲೋ ಮೋಸ ಮಾಡುತ್ತಿದ್ದಾನೆ, ಅದನ್ನು ಹಿಡಿಯಬೇಕು ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಹಿಂದಿನ ವಾರ ಇದ್ದ ತಗಡಿನ ತಗ್ಗು ಈ ವಾರ ಎಲ್ಲಿ ಹೋಯಿತು? ಬಡಿದು ಸರಿಮಾಡಿದನೋ, ಮೇಣ ಮೆತ್ತಿ ಮುಚ್ಚಿದನೋ? ನೋಡಿ ಮುಗಿದ ಕೂಡಲೇ ಕನ್ನಡಕ ಏರಿಸಿ, ಒಂದು ಬೆರಳಿನಲ್ಲಿ ಕುಟ್ಟುತ್ತಾ ಹಿಂದಿಯಲ್ಲಿ ಕಾಮೆಂಟು ಹಾಕುತ್ತಿದ್ದರು. ತಮ್ಮ ಹೆಸರು ಹಾಕುವಷ್ಟು ದಡ್ಡರಲ್ಲ. ಕಾರ್ಖಾನೆಯ ಅಳತೆ ಕೋಣೆಯ ಹೆಸರನ್ನೇ, 'ಗೇಜ್ ರೂಮ್' ಎಂದು ಬರೆದುಕೊಂಡಿದ್ದರು. ಮನೆಯವರಿಗೂ ಈ ವಿಷಯ ಹೇಳಿರಲಿಲ್ಲ.

ಮೊದಲ ಎರಡು ವರ್ಷ ಅತ್ತಕಡೆಯಿಂದ ಉತ್ತರವೇ ಇರಲಿಲ್ಲ. ಆಮೇಲೆ ಒಂದು ದಿನ ಬಂತು. "ಕಾಕಾ, ನೀವು ಹೇಳಿದ ಮೇಲೆ ಮತ್ತೆ ಅಳೆದೆವು. ಎರಡು ಮಿಲಿಮೀಟರ್ ವ್ಯತ್ಯಾಸವಿತ್ತು. ಸರಿಪಡಿಸಿದ್ದೇವೆ. ನಿಮ್ಮ ಕಣ್ಣಿಗೆ ನಮಸ್ಕಾರ." ಪತ್ತಾರರು ಅದನ್ನು ಎರಡು ಸಲ ಓದಿದರು. ಹೊಗಳಿ ಬಾಯಿ ಮುಚ್ಚಿಸುವ ಉಪಾಯವಿರಬೇಕು ಎಂದುಕೊಂಡರು. ಮುಂದಿನ ವಾರ ಇನ್ನೂ ಖಾರವಾಗಿ ಬರೆದರು. ಅದಕ್ಕೂ ಉತ್ತರ ಬಂತು, ನಗುತ್ತಲೇ ಬಂತು. ಅಲ್ಲಿಂದ ಪ್ರತಿ ವಾರವೂ ಇವರು ಕುಟುಕುವುದು, ಆ ಕಡೆಯವರು ತಾಳ್ಮೆಯಿಂದ ವಿವರಿಸುವುದು, ನಡುವೆ "ಕಾಕಾ, ಮಂಡಿನೋವು ಹೇಗಿದೆ?" ಎಂದು ಕೇಳುವುದು. ಮಂಡಿನೋವಿನ ಸಂಗತಿ ಅವರೇ ಎಂದೋ ಬರೆದಿರಬೇಕು, ನೆನಪಿರಲಿಲ್ಲ. ಶುಕ್ರವಾರ ರಾತ್ರಿಯ ಊಟಕ್ಕೆ ಕೂತಾಗ ಅವರ ಮುಖ ಸ್ವಲ್ಪ ಬಿಚ್ಚಿಕೊಂಡಿರುತ್ತಿದ್ದುದನ್ನು ಪ್ರೇಮಾ ಗಮನಿಸಿದ್ದರು, ಕಾರಣ ಗೊತ್ತಿರಲಿಲ್ಲ.

ಅದೇ ಊಟದ ಹೊತ್ತಿನಲ್ಲಿ ಮಗಳೊಂದಿಗೆ ಅವರ ಮಾತು ನಾಲ್ಕು ಪದ ದಾಟುತ್ತಿರಲಿಲ್ಲ. ಇಪ್ಪತ್ತೈದರ ಯಶಿಕಾ ಧರಮಪೇಠದ ಜಾಹೀರಾತು ಆಫೀಸೊಂದರಲ್ಲಿ ವಿಡಿಯೊ ಎಡಿಟಿಂಗ್ ಮಾಡುತ್ತೇನೆಂದು ಹೇಳಿದ್ದಳು. ಹೇಳಿದ್ದಳು, ಅಷ್ಟೆ. ಪತ್ತಾರರು ಕಣ್ಣಾರೆ ಕಂಡಿರಲಿಲ್ಲ. ಒಂದು ಬೆಳಗ್ಗೆ ಅವಳ ಸ್ಕೂಟರಿಗೆ ಗಾಳಿ ನೋಡುವ ನೆಪದಲ್ಲಿ ಮೀಟರಿನ ಮೇಲೆ ಕಣ್ಣು ಹಾಯಿಸಿದರು. ಸಂಜೆ ಅವಳು ಬಂದ ಮೇಲೆ ಮತ್ತೊಮ್ಮೆ ನೋಡಿದರು. ಐವತ್ತನಾಲ್ಕು ಕಿಲೋಮೀಟರ್. ಧರಮಪೇಠಕ್ಕೆ ಹೋಗಿ ಬಂದರೆ ಹನ್ನೆರಡು ದಾಟುವುದಿಲ್ಲ. ವಾರಕ್ಕೆ ಮೂರು ದಿನ ಹೀಗೆಯೇ. ತಲೆಯಲ್ಲಿ ಹುಳ ಹೊಕ್ಕಿತು. ಈ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ಯಾರ ಜೊತೆ?

ಹದಿನೈದು ದಿನ ಹೊಟ್ಟೆಯಲ್ಲಿಟ್ಟುಕೊಂಡು, ಒಂದು ಮಂಗಳವಾರ ಅವಳು ಹೊರಡುವ ಹೊತ್ತಿಗೆ ಗೇಟಿಗೆ ಅಡ್ಡ ನಿಂತರು.

"ಎಲ್ಲಿಗೆ ಹೊಂಟಿ?"

"ಆಫೀಸಿಗೆ ಪಪ್ಪಾ. ಜಲ್ದಿ ಹೋಗಬೇಕು, ದಾರಿ ಬಿಡ್ರಿ."

"ಧರಮಪೇಠಕ್ಕ ಹೋಗಿ ಬರೂದು ಎಷ್ಟು ಕಿಲೋಮೀಟರ್ ಆಕ್ಕೈತಿ?"

ಯಶಿಕಾ ಅಪ್ಪನ ಮುಖ ನೋಡಿದಳು, ಸ್ಕೂಟರಿನ ಮೀಟರ್ ನೋಡಿದಳು. ಅರ್ಥವಾಯಿತು. "ಕ್ಲೈಂಟ್ ಕಡೆ ಶೂಟಿಂಗಿಗೆ ಹೋಗೋದು ಇರ್ತದ, ಪಪ್ಪಾ."

"ಯಾವ ಕ್ಲೈಂಟ್? ಹೆಸರೇನು? ಯಾವ ಏರಿಯಾ? ಅಲ್ಲೆ ಇನ್ನೂ ಯಾರು ಯಾರು ಇರ್ತಾರ?"

ಪ್ರಶ್ನೆಗೊಂದು ಉತ್ತರ, ಉತ್ತರಕ್ಕೆರಡು ಪ್ರಶ್ನೆ. ಪಕ್ಕದ ಮನೆಯ ಚಾರುಲತಾ ಬಟ್ಟೆ ಒಣಹಾಕುವುದನ್ನು ಮರೆತು ಮಹಡಿಯ ಮೇಲೆ ನಿಂತೇ ಇದ್ದರು. ಪ್ರೇಮಾ ಬಂದು ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಯಶಿಕಾ ಕಣ್ಣು ಒರೆಸಿಕೊಂಡು ಸ್ಕೂಟರ್ ಚಾಲೂ ಮಾಡಿ ಹೋದಳು. ಆಕೆ ಉತ್ತರ ಹೇಳದೇ ಹೋದಳೆಂಬುದೊಂದೇ ಪತ್ತಾರರ ಮನಸ್ಸಿನಲ್ಲಿ ಉಳಿಯಿತು.

ಮೂರು ವಾರದ ನಂತರದ ಶುಕ್ರವಾರ ಇನ್ನೂರಾ ಐದನೇ ಕಂತು ಬಂತು. ಪತ್ತಾರರು ನಾಲ್ಕು ವರ್ಷದಿಂದ ಕಾದಿದ್ದ ಕಂತು ಅದು. ಚಾಸಿಯನ್ನು ಕತ್ತರಿಸಿ ಉದ್ದ ಮಾಡಿದ ಕಡೆ, ಎಡಕ್ಕೊಂದು ಬಲಕ್ಕೊಂದು ದೊಡ್ಡ ಬೆಸುಗೆಗಳಿದ್ದವು. ಇಡೀ ಗಾಡಿಯ ಜೀವ ಅವೆರಡರ ಮೇಲೆಯೇ. ಅವುಗಳಲ್ಲಿ ಬಿರುಕಿದೆಯೇ ಎಂದು ನೋಡುವ ಪರೀಕ್ಷೆ ಅಂದು. ಕೆಂಪು ಬಣ್ಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಸ್ವಚ್ಛ ಒರೆಸಿ, ಮೇಲೆ ಬಿಳಿಯ ಪುಡಿ ಹೊಡೆಯುತ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಹೊರಗೆ ಬಂದು ಬಿಳಿಯ ಮೇಲೆ ಗೆರೆಯಾಗಿ ಕಾಣುತ್ತದೆ. ಪತ್ತಾರರು ಈ ಪರೀಕ್ಷೆಯನ್ನು ಅರೆದು ಕುಡಿದವರು. ಎಡಗಡೆ ಬಿಳಿಯಾಗಿಯೇ ಉಳಿಯಿತು, ಬಲಗಡೆಯೂ ಹಾಗೆಯೇ. ಕೊನೆಗೆ ಧನಂಜಯ ಕೈ ಜೋಡಿಸಿ, ನಾಡಿದ್ದು ಭಾನುವಾರ ನದಿಯ ಪಕ್ಕದ ಮಣ್ಣಿನ ಹಾದಿಯಲ್ಲಿ ಗಾಡಿ ಮೊದಲ ಸಲ ಓಡಲಿದೆ, ಹಿಂದಿನ ಸೀಟಿನಲ್ಲಿ ಕೂತು ನಮ್ಮ ಎಡಿಟರ್ ಅದನ್ನು ಚಿತ್ರೀಕರಿಸಲಿದ್ದಾರೆ ಎಂದ.

ಪತ್ತಾರರಿಗೆ ಏನೋ ಸರಿಬರಲಿಲ್ಲ. ಬಲಗಡೆಯ ಬೆಸುಗೆಯನ್ನು ಮತ್ತೆ ನೋಡಿದರು. ಮತ್ತೆ. ಚಿತ್ರ ನಿಲ್ಲಿಸಿ ಬೆರಳಿನಿಂದ ಹಿಗ್ಗಿಸಿದರು. ಬೆಸುಗೆಯ ಪಕ್ಕದಲ್ಲೊಂದು ಬೋಲ್ಟಿನ ತುದಿ ಇಣುಕುತ್ತಿತ್ತು. ಅದರ ಥ್ರೆಡ್ಡು ಬಲಕ್ಕೆ ಏರಬೇಕು. ಜಗತ್ತಿನ ಸಾಮಾನ್ಯ ಬೋಲ್ಟುಗಳೆಲ್ಲ ಹಾಗೆಯೇ ಏರುತ್ತವೆ. ಇದು ಎಡಕ್ಕೆ ಏರುತ್ತಿತ್ತು.

ಕುರ್ಚಿಯಿಂದ ಎದ್ದೇಬಿಟ್ಟರು. ಕನ್ನಡಿಯಲ್ಲಿ ಮಾತ್ರ ಬೋಲ್ಟು ಹಾಗೆ ಕಾಣುತ್ತದೆ. ಅಂದರೆ ಇದು ಬಲಗಡೆಯ ಬೆಸುಗೆಯೇ ಅಲ್ಲ, ಎಡಗಡೆಯದನ್ನೇ ಮಗುಚಿ ತೋರಿಸಿದ್ದಾರೆ! ಬಲಗಡೆಯದನ್ನು ತೋರಿಸಲಿಲ್ಲವೆಂದರೆ ಅದರಲ್ಲಿ ಬಿರುಕಿದೆ. ಇನ್ನೇನು ಕಾರಣವಿರಲು ಸಾಧ್ಯ? ನಾಲ್ಕು ವರ್ಷದ ಅನುಮಾನ ಕೊನೆಗೂ ಕೈಗೆ ಸಿಕ್ಕಿತ್ತು. ಅವರ ಎದೆ ಹುಡುಗನ ಎದೆಯಂತೆ ಬಡಿದುಕೊಂಡಿತು. ಕೂಡಲೇ ಬರೆದರು: "ಬಲಗಡೆಯದು ಎಡಗಡೆಯ ಚಿತ್ರ. ಬೋಲ್ಟಿನ ಥ್ರೆಡ್ ನೋಡಿ. ಯಾರನ್ನು ಮೋಸಗೊಳಿಸುತ್ತಿದ್ದೀರಿ?"

ಹತ್ತು ನಿಮಿಷದಲ್ಲಿ ಆ ಕಾಮೆಂಟು ಮಾಯವಾಯಿತು. ಮತ್ತೆ ಹಾಕಿದರು, ಮತ್ತೆ ಮಾಯ. ಎರಡು ವರ್ಷದಿಂದ ಕಾಕಾ ಕಾಕಾ ಎನ್ನುತ್ತಿದ್ದವರು ಒಂದು ಮಾತಿಲ್ಲದೆ ಅಳಿಸಿಹಾಕಿದ್ದರು. ಪತ್ತಾರರಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ನೋವೂ ಇತ್ತು, ಅದನ್ನು ಅವರು ಒಪ್ಪಿಕೊಳ್ಳಲಿಲ್ಲ. ಭಾನುವಾರ ಆ ಹಿಂದಿನ ಸೀಟಿನಲ್ಲಿ ಕೂರುವ ಪಾಪದ ಎಡಿಟರ್ ಯಾರೋ ಏನೋ, ಅವನ ಜೀವ ಉಳಿಸಬೇಕಾದ್ದು ಈಗ ತಮ್ಮ ಹೊಣೆ ಎಂದು ತೀರ್ಮಾನಿಸಿದರು.

ಶನಿವಾರ ಬೆಳಗ್ಗೆ ಯಶಿಕಾ ಹೊರಟುಹೋದ ಮೇಲೆ, ಬ್ಯಾಂಕಿಗೆ ಹೋಗಿ ಬರುತ್ತೇನೆಂದು ಪ್ರೇಮಾಗೆ ಹೇಳಿ ಪತ್ತಾರರು ಜೈಪ್ರಕಾಶ್ ನಗರದಲ್ಲಿ ಮೆಟ್ರೊ ಹತ್ತಿದರು. ಆಟೊಮೋಟಿವ್ ಚೌಕದಲ್ಲಿ ಇಳಿದು, ಶೇರ್ ಆಟೊದಲ್ಲಿ ಕಾಮ್ಠಿ ದಾಟಿ, ಕನ್ಹಾನ್ ಸೇತುವೆಯ ಆಚೆ ಇಳಿದರು. 'ಲಂಬೀ ಗಾಡಿ' ಎಂದದ್ದೇ ತಡ ಪಾನ್ ಅಂಗಡಿಯವನು ಶೆಡ್ಡಿನ ದಾರಿ ತೋರಿಸಿದ.

ಶೆಡ್ಡಿನ ಮುಂದೆ ಯಶಿಕಾಳ ಸ್ಕೂಟರ್ ನಿಂತಿತ್ತು.

ಮೊದಲು ನಂಬರು ನೋಡಿದರು. ಆಮೇಲೆ, ಮನಸ್ಸು ತಡೆಯದೆ, ಮೀಟರು ನೋಡಿದರು. ಬೆಳಗ್ಗೆ ನೋಡಿದ್ದಕ್ಕಿಂತ ಇಪ್ಪತ್ತೇಳು ಕಿಲೋಮೀಟರ್ ಹೆಚ್ಚು. ಹೋಗಿ ಬಂದರೆ ಐವತ್ತನಾಲ್ಕು. ತಮ್ಮ ಎರಡು ಅನುಮಾನಗಳೂ ಒಂದೇ ಶೆಡ್ಡಿನೊಳಗೆ ಕೂತಿದ್ದವು. ಓ, ಈ ಧನಂಜಯನೇ ಕಾರಣವೋ! ಗಾಡಿಯಲ್ಲೂ ಮೋಸ, ನನ್ನ ಮನೆಯಲ್ಲೂ ಮೋಸ.

ಬಾಗಿಲ ಸಂದಿಯಿಂದ ನೋಡಿದರೆ, ಮಗಳು ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕ್ಯಾಮೆರಾದ ಹಿಂದೆ ನಿಂತಿದ್ದಳು. ಧನಂಜಯ ಗಾಡಿಯ ಬಾಗಿಲು ಮುಚ್ಚಿದ. "ಸದ್ದು ಸರಿಯಾಗಿ ಬರಲಿಲ್ಲ, ಮತ್ತೆ," ಎಂದಳು ಹಿಂದಿಯಲ್ಲಿ. ಮತ್ತೆ ಮುಚ್ಚಿದ. "ಇನ್ನೊಮ್ಮೆ." ಅವನು ತುಟಿಪಿಟಕ್ಕೆನ್ನದೆ ಐದು ಸಲ ಬಾಗಿಲು ಹಾಕಿದ. ಮನೆಯಲ್ಲಿ ತಲೆ ತಗ್ಗಿಸಿ ಉಣ್ಣುವ ಹುಡುಗಿ ಇವಳೇ ಏನು ಎನಿಸಿ ಪತ್ತಾರರು ಒಂದು ಗಳಿಗೆ ಬಂದ ಕೆಲಸವನ್ನೇ ಮರೆತರು.

ಅಷ್ಟರಲ್ಲಿ ಅವಳು ಅವರನ್ನು ಕಂಡಳು. ಕ್ಯಾಮೆರಾ ಇಟ್ಟು ಬಂದು, ಅಪ್ಪನ ಕೈ ಹಿಡಿದು ಶೆಡ್ಡಿನ ಹಿಂದಿನ ಬೇವಿನ ಮರದ ಹತ್ತಿರ ಕರೆದುಕೊಂಡು ಹೋದಳು.

"ಗೇಜ್ ರೂಮ್ ಬಂದೇ ಬರ್ತಾರ ಅಂತ ಗೊತ್ತಿತ್ತು ನನಗ," ಎಂದಳು.

ಪತ್ತಾರರು ಕೈ ಬಿಡಿಸಿಕೊಂಡರು. "ನಿನಗ ಹ್ಯಾಂಗ ಗೊತ್ತು?"

"ಎರಡು ವರ್ಷದಿಂದ ವಾರಕ್ಕ ಮೂರು ದಿನ ಇಲ್ಲೆ ನನ್ನ ಕೆಲಸ, ಉತ್ತರ ಬರಿಯಾಕಿ ನಾನs, ಪಪ್ಪಾ. ಎಡಿಟಿಂಗೂ ನನ್ನದs, ಕಾಮೆಂಟೂ ನನ್ನದs. ನಿಮ್ಮ ಮಾತಿನ ಧಾಟಿ ನನಗ ಗುರುತು ಸಿಗೂದಿಲ್ಲೇನು? ಮಂಡಿನೋವು ಯಾರು ಕೇಳ್ತಿದ್ರು ಅನ್ಕೊಂಡ್ರಿ?"

ಪತ್ತಾರರು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತರು. ಎರಡು ವರ್ಷದ ಶುಕ್ರವಾರಗಳೆಲ್ಲ ಕಣ್ಣ ಮುಂದೆ ಬಂದವು. ಅಳಿಸಿದ ಕಾಮೆಂಟೂ ನೆನಪಾಯಿತು.

"ಅಳಿಸಿದಾಕೀನೂ ನೀನs ಏನು?"

"ಹೌದು."

"ಮಗುಚಿ ಹಾಕಿದಾಕಿ?"

ಯಶಿಕಾ ನೆಲ ನೋಡಿದಳು. "ಅದೂ ನಾನs. ಧನಂಜಯ್‌ಗೆ ಗೊತ್ತಿಲ್ಲ. ಆ ಮಂಗಳವಾರ ನೀವು ಗೇಟಿಗೆ ಅಡ್ಡ ನಿಂತ್ರಿ ನೋಡ್ರಿ? ಅವತ್ತು ಟೆಸ್ಟ್ ಇತ್ತು. ನಾ ಬರೋದ್ರಾಗ ಬಲಗಡೆದು ಮುಗದು ಒರಸಿಬಿಟ್ಟಿದ್ರು. ಎಡಗಡೆದಷ್ಟs ಸಿಕ್ತು. ಬಲಗಡೆ ಶೂಟ್ ಆಗಿಲ್ಲ ಅಂತ ಹೇಳಾಕ ಹೆದರಿಕಿ ಆತು. ಮ್ಯಾಲ ಬಣ್ಣಾನೂ ಹೊಡದ್ರು. ಅದಕ್ಕ ಎಡಗಡೆದನ್ನs ತಿರುವಿ ಹಾಕಿದೆ."

"ಮತ್ತ ಬಲಗಡೆ ಟೆಸ್ಟ್ ಆಗೇತಿ ಅಂತೀ?"

"ಆಗೇದ. ಧನಂಜಯ್ ನೋಡ್ಯಾನ. ಒಂದು ಗೆರಿ ಸೈತ ಬಂದಿಲ್ಲ ಅಂದಾನ."

"ನೀ ಕಣ್ಣಾರೆ ನೋಡಿ ಏನು?"

"ಇಲ್ಲ. ಆದ್ರ ಆಂವ ಸುಳ್ಳು ಹೇಳಾಂವ ಅಲ್ಲ, ಪಪ್ಪಾ. ಈ ಚಾನಲ್‌ನ್ಯಾಗ ಏನೂ ಮುಚ್ಚಿಡೂದಿಲ್ಲ ಅಂತ ನಾಕು ವರ್ಷದಿಂದ ಹೇಳ್ಕೋತ ಬಂದಾನ. ನಾ ಹಿಂಗ ಮಾಡೇನಿ ಅಂತ ಗೊತ್ತಾದ್ರ ನನ್ನ ಕೆಲಸ ಹೋಗ್ತದ. ನಾಳೆ ಓಡಿಸೋದು ಮುಗೀಲಿ, ನಾನs ಹೇಳ್ತೇನಿ. ಈಗ ಬ್ಯಾಡ. ಪ್ಲೀಜ್."

"ನಾಳೆ ಹಿಂದಿನ ಸೀಟಿನ್ಯಾಗ ಕೂಡೂ ಎಡಿಟರ್…"

"ನಾನs."

ಪತ್ತಾರರು ಎದ್ದು ನಿಂತರು. ಆ ಸೀಟಿನ ನೇರ ಕೆಳಗೇ ಬಲಗಡೆಯ ಬೆಸುಗೆ. ಹೇಳಿದರೆ ಮಗಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳು ತಾವು ಕಾಣದ ಬೆಸುಗೆಯ ಮೇಲೆ ಕೂತು ಹೋಗುತ್ತಾಳೆ. ಪರರ ಬಾಯಿಮಾತಿನ ಮೇಲೆ ಒಂದು ನಟ್ಟನ್ನೂ ಪಾಸು ಮಾಡದ ಮನುಷ್ಯ ಮಗಳನ್ನು ಪಾಸು ಮಾಡಲಾದೀತೇ? ಇದು ಅನುಮಾನವಲ್ಲ, ಅಪ್ಪನಾದವನ ಕರ್ತವ್ಯ ಎಂದುಕೊಂಡರು. ಯಶಿಕಾ ಅಂಗಿಯ ತೋಳು ಹಿಡಿದಳು. ಬಿಡಿಸಿಕೊಂಡು ಒಳಗೆ ನಡೆದರು.

ಧನಂಜಯ ಕಾಲಿಗೆ ನಮಸ್ಕರಿಸಲು ಬಾಗಿದ. ಯಶಿಕಾಳ ತಂದೆ ಎಂದು ತಿಳಿದು ಖುಷಿಪಟ್ಟ. ಗೇಜ್ ರೂಮ್ ಕಾಕಾ ಎಂದು ತಿಳಿದು ಇನ್ನೂ ಖುಷಿಪಟ್ಟ. ಪತ್ತಾರರು ಆ ಖುಷಿಗೆ ಅವಕಾಶ ಕೊಡದೆ ಹಿಂದಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಬೋಲ್ಟು, ಥ್ರೆಡ್ಡು, ಮಗುಚಿದ ಚಿತ್ರ, ಮಗುಚಿದವರು ಯಾರು, ಎಲ್ಲ. ಗೇಟಿನ ಮುಕ್ಕಾಲು ಗಂಟೆಯ ವಿಷಯವೊಂದನ್ನು ಮಾತ್ರ ಬಿಟ್ಟರು. ಬೇಕೆಂದು ಬಿಟ್ಟದ್ದಲ್ಲ, ಅದು ಅವರಿಗೆ ಹೇಳಬೇಕಾದ ಸಂಗತಿ ಎನಿಸಲೇ ಇಲ್ಲ.

ಧನಂಜಯ ಬಾಗಿಲಲ್ಲಿ ನಿಂತಿದ್ದ ಯಶಿಕಾಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

"ಬಲಗಡೆಯದನ್ನು ನಾನೇ ನೋಡಿದ್ದೇನೆ, ಕಾಕಾ. ಚೆನ್ನಾಗಿದೆ," ಎಂದ.

"ನಾನು ನೋಡಿಲ್ಲ," ಎಂದರು ಪತ್ತಾರರು.

"ಹಾಗಾದರೆ ನೀವೇ ನೋಡಿ. ಈಗಲೇ." ಅವನು ಯಶಿಕಾಳ ಕಡೆ ತಿರುಗಿದ. "ಕ್ಯಾಮೆರಾ ತಗೋ. ಎಲ್ಲ ಹಿಡಿ. ಒಂದನ್ನೂ ಬಿಡಬೇಡ."

ಚಾಸಿಯ ಕಪ್ಪು ಬಣ್ಣ ಕೆರೆದು ಬೆಸುಗೆ ಹೊರತೆಗೆಯಲು ಅರ್ಧ ಗಂಟೆ ಹಿಡಿಯಿತು. ಪತ್ತಾರರು ಅಂಗಿಯ ತೋಳು ಮಡಚಿ, ಮಂಡಿನೋವನ್ನು ಮರೆತು ಗಾಡಿಯ ಕೆಳಗೆ ನುಸುಳಿದರು. ನಿವೃತ್ತಿಯ ಮೇಲೆ ಮೊದಲ ಸಲ ಕೈಗೆ ಅವರ ಕೆಲಸ ಸಿಕ್ಕಿತ್ತು. ಕೆಂಪು ಸಿಂಪಡಿಸಿದರು. ಹತ್ತು ನಿಮಿಷ ಯಾರೂ ಮಾತಾಡದಂತೆ ಬೆರಳೆತ್ತಿ ಕೂತರು. ಒರೆಸಿದರು, ಬೆಳಕು ಹಿಡಿದು ಮತ್ತೆ ಒರೆಸಿದರು. ಬಿಳಿಯ ಪುಡಿ ಹೊಡೆದು, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾ ಕೂತರು.

ಬಿಳಿ ಬಿಳಿಯಾಗಿಯೇ ಇತ್ತು. ಐದು ನಿಮಿಷವಾದರೂ, ಹತ್ತು ನಿಮಿಷವಾದರೂ. ಅಚ್ಚುಕಟ್ಟಾದ ಬೆಸುಗೆ. ಧನಂಜಯ ಹೇಳಿದ್ದು ನಿಜವಾಗಿತ್ತು.

"ಬರೋಬರ್ ಐತಿ," ಎಂದರು ಪತ್ತಾರರು. ಶೆಡ್ಡಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಯಶಿಕಾ ತಟ್ಟಲಿಲ್ಲ, ಅವಳ ಕೈಯಲ್ಲಿ ಕ್ಯಾಮೆರಾ ಇತ್ತು.

ಅವಳ ಕೆಲಸ ಹೋಗಲಿಲ್ಲ. ಆದರೆ ಧನಂಜಯ ಒಂದು ಷರತ್ತು ಹಾಕಿದ: ನಡೆದದ್ದನ್ನೆಲ್ಲ ಮುಂದಿನ ಕಂತಿನಲ್ಲಿ ತೋರಿಸಬೇಕು, ಅದನ್ನು ಅವಳೇ ಎಡಿಟ್ ಮಾಡಬೇಕು. ಭಾನುವಾರ ಗಾಡಿ ನದಿಯ ಪಕ್ಕ ಆರು ಕಿಲೋಮೀಟರ್ ಓಡಿತು. ಪತ್ತಾರರಿಗೂ ಧನಂಜಯನ ಕರೆ ಬಂದಿತ್ತು, ಪ್ರೇಮಾ ಮೂಲಕ. ಮಗಳೇ ಕರೆಯಲಿ ಎಂದು ಕಾದರು. ಅವಳು ಕರೆಯಲಿಲ್ಲ, ಇವರು ಹೋಗಲಿಲ್ಲ. ಸಂಜೆ ಅವಳು ಧೂಳು ಮೆತ್ತಿಕೊಂಡು ನೆಟ್ಟಗೆ ಮನೆಗೆ ಬಂದಾಗ ಪತ್ತಾರರು ಗೇಟಿನ ಹತ್ತಿರವೇ ಇದ್ದರು. ಅವಳು ಪಕ್ಕದಿಂದ ಹಾದು ಒಳಗೆ ಹೋದಳು. ಆ ವಾರವಿಡೀ ಅವಳು ಅಪ್ಪನೊಂದಿಗೆ ಒಂದು ಮಾತೂ ಆಡಲಿಲ್ಲ.

"ಏನ ತಪ್ಪು ಮಾಡೇನಿ ನಾ?" ಎಂದು ಪತ್ತಾರರು ಹೆಂಡತಿಯನ್ನು ಕೇಳಿದರು. "ಆಕಿ ಜೀವದ ಸಲುವಾಗಿ ಮಾಡಿದೆ. ಬ್ಯಾರೆ ಅಪ್ಪ ಇದ್ರೂ ಇದನ್ನs ಮಾಡ್ತಿದ್ದ." ಪ್ರೇಮಾ ಮೆಂತ್ಯೆ ಬಿಡಿಸುತ್ತಾ ಕೂತರು. ಪತ್ತಾರರು ಅದೇ ಮಾತನ್ನು ಬುಧವಾರ ಇನ್ನೊಮ್ಮೆ ಹೇಳಿದರು, ಗುರುವಾರ ಮತ್ತೊಮ್ಮೆ.

ಶುಕ್ರವಾರ ಆರಕ್ಕೆ ಗಂಡಹೆಂಡತಿ ಇಬ್ಬರೂ ಟೀವಿಯ ಮುಂದೆ ಕೂತರು. ಯಶಿಕಾ ತನ್ನ ಕೋಣೆಯಲ್ಲಿದ್ದಳು. ಕಂತಿನ ಮೊದಲಿಗೆ ಪರದೆಯ ಮೇಲೆ ಬಂದವಳು ಅವಳೇ. ಹಿಂದಿನ ಕಂತಿನಲ್ಲಿ ತಾನು ಮಾಡಿದ್ದನ್ನು ತಾನೇ ಹೇಳಿದಳು. ಆ ದಿನ ತಡವಾಗಿ ಬಂದೆ, ಚಿತ್ರೀಕರಣ ತಪ್ಪಿತು, ಹೇಳಲು ಧೈರ್ಯವಾಗದೆ ನೋಡುವವರಿಗೆ ಸುಳ್ಳು ತೋರಿಸಿದೆ, ಕ್ಷಮಿಸಿ ಎಂದಳು. ಯಾಕೆ ತಡವಾಯಿತೆಂದು ಈಗ ಹೇಳುತ್ತಾಳೆ ಎಂದು ಪತ್ತಾರರು ಕಾದರು. ಹೇಳಲಿಲ್ಲ. ಅಲ್ಲಿಗೆ ಗೇಟಿನ ಆ ಮುಕ್ಕಾಲು ಗಂಟೆ ಮೊದಲ ಸಲ ಅವರ ಎದೆಗೆ ಬಂದು ಕುಕ್ಕಿತು.

ಆಮೇಲೆ ಅವರೇ ಬಂದರು. ತೋಳು ಮಡಚಿದ್ದು, ಗಾಡಿಯ ಕೆಳಗೆ ನುಸುಳಿದ್ದು, ಬೆರಳೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ್ದು. ಚೆನ್ನಾಗಿಯೇ ಕಾಣುತ್ತಿದ್ದರು. ಪ್ರೇಮಾ ನಕ್ಕರು. ಬಿಳಿಯ ಪುಡಿ ಹೊಡೆದಾಯಿತು. ಆದರೆ ಮುಂದೆ ಕ್ಯಾಮೆರಾ ಬೆಸುಗೆಯನ್ನು ಬಿಟ್ಟು ಅವರ ಮುಖದ ಮೇಲೆ ನಿಂತಿತು. ಕೆಳಗೆ ಮೂಲೆಯಲ್ಲಿ ನಿಮಿಷಗಳು ಓಡುತ್ತಿದ್ದವು: ಎರಡು, ಐದು, ಹತ್ತು. ಆ ಮುಖ ಮೊದಲು ಅರಳಿತ್ತು. ಬಿಳಿ ಬಿಳಿಯಾಗಿಯೇ ಉಳಿದಂತೆಲ್ಲ ಅದು ಬಾಡುತ್ತಾ ಹೋಯಿತು. ಹತ್ತನೇ ನಿಮಿಷಕ್ಕೆ ತುಟಿ ಕೆಳಗಿಳಿದು, ಕಣ್ಣಿನ ಬೆಳಕು ಆರಿ, ಕೈಗೆ ಬಂದದ್ದನ್ನು ಯಾರೋ ಕಸಿದುಕೊಂಡ ಮನುಷ್ಯನ ಮುಖವಾಗಿತ್ತು. ಅದಾದ ಮೇಲೆ "ಬರೋಬರ್ ಐತಿ" ಎಂಬ ಮಾತು ಬಂತು.

ಪ್ರೇಮಾರ ನಗು ನಿಂತಿತು. ಅವರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು ಅಡುಗೆಮನೆಗೆ ಎದ್ದು ಹೋದರು.

ಪತ್ತಾರರು ಆ ಜಾಗವನ್ನು ಮತ್ತೆ ಹಾಕಿ ನೋಡಿದರು. ಯಾವ ತಪ್ಪನ್ನೂ ಮೊದಲ ನೋಟಕ್ಕೆ ನಂಬದ ಅವರು ಇದನ್ನು ಮೂರು ಸಲ ನೋಡಿದರು. ಮಗಳಿಗೆ ಅಪಾಯವಿಲ್ಲ ಎಂದು ಗೊತ್ತಾದ ಅಪ್ಪನ ಮುಖ ಹಾಗಿರುವುದಿಲ್ಲ. ಅವರಿಗೆ ಬಿರುಕು ಬೇಕಾಗಿತ್ತು. ಆ ಬೆಸುಗೆಯ ಮೇಲೆ ಯಾರು ಕೂರುತ್ತಾರೆಂದು ಗೊತ್ತಿದ್ದೂ ಬೇಕಾಗಿತ್ತು. ಈ ವಯಸ್ಸಿನಲ್ಲಿ ಹೀಗೆ ನಾಚಿಕೆಯಾಗುತ್ತದೆಂದು ಅವರು ಎಣಿಸಿರಲಿಲ್ಲ.

ಎದ್ದು ಮಗಳ ಕೋಣೆಯ ಬಾಗಿಲಿಗೆ ಹೋದರು. ಅವಳು ಬೆನ್ನು ಹಾಕಿ ಕಂಪ್ಯೂಟರ್ ಮುಂದೆ ಕೂತಿದ್ದಳು.

"ಯಶೂ. ನೋಡಿದೆ."

"ಹಾಂ."

"ಆ ನನ್ನ ಮುಖ… ತಗದಿದ್ರ ಆಗ್ತಿತ್ತಲ್ಲ?"

"ನಾಕು ಸಲ ತಗದೆ," ಎಂದಳು ತಿರುಗದೆ. "ನಾಕು ಸಲ ತಿರಗಿ ಹಾಕಿದೆ. ನನ್ನ ಕಣ್ಣs ತಪ್ಪಿರಬೇಕು ಅನ್ಕೊಂಡೆ ಮೊದಲ. ನಿಮಗ ದಣಿವಾಗಿರಬೇಕು, ಮಂಡಿ ನೋಯ್ತಿರಬೇಕು, ಅಂತ." ಆಮೇಲೆ ಕುರ್ಚಿ ತಿರುಗಿಸಿದಳು. "ಆ ಸೀಟಿನ ಮ್ಯಾಲ ಕೂಡಾಕಿ ನಾನಿದ್ದೆ, ಪಪ್ಪಾ."

ಅಲ್ಲ, ನಿನ್ನ ಸಲುವಾಗಿಯೇ ಮಾಡಿದೆ ಎಂಬ ಮಾತು ವಾರದಿಂದ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡರು.

"ನೀ ನೋಡಿದ್ದು ಬರೋಬರ್ ಐತಿ," ಎಂದರು. "ತಪ್ಪು ನಂದು."

ಅಪ್ಪ ಈ ಮಾತು ಯಾಕೆ ಆಡಿದರು, ಇದರ ಹಿಂದೆ ಇನ್ನೇನಿದೆ ಎಂದು ಕಣ್ಣು ಕಿರಿದು ಮಾಡಿ ಅವರ ಮುಖವನ್ನೇ ಹುಡುಕುತ್ತಿದ್ದಳು. ಪತ್ತಾರರು ಬಾಗಿಲ ಚೌಕಟ್ಟು ಹಿಡಿದುಕೊಂಡು, ಅವಳು ನೋಡಿ ಮುಗಿಸುವವರೆಗೂ ಅಲ್ಲಾಡದೆ ನಿಂತರು.